10 ಚದರ ಮೀಟರಿನ ರಣರಂಗ

ಒಂದು ಮೆಡಿಕಲ್ ಶಾಪ್ ತೆರೆಯೋಕೆ ಕಾನೂನು ಪ್ರಕಾರ ಎಷ್ಟು ಜಾಗ ಇರಬೇಕು ಗೊತ್ತಾ? ಕನಿಷ್ಠ 10 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹತ್ತಡಿಗೆ ಹತ್ತಡಿ, ಅದರ ಮೇಲೆ ಚೂರು. ಅಷ್ಟರಲ್ಲೇ ಸೂರು ಮುಟ್ಟುವ ಕಪಾಟುಗಳು, ಇನ್ಸುಲಿನ್ ಇಡುವ ಫ್ರಿಡ್ಜು, ಬಿಲ್ಲಿಂಗ್ ಕಂಪ್ಯೂಟರ್, ಒಬ್ಬ ಫಾರ್ಮಸಿಸ್ಟು, ಸಹಾಯಕ್ಕೆ ಇಬ್ಬರು ಹುಡುಗರು. ಗಿರಾಕಿ ನಿಲ್ಲೋದು ಫುಟ್‌ಪಾತ್ ಮೇಲೆ. ರಾಜಾಜಿನಗರದ ಬ್ಲಾಕುಗಳಲ್ಲಿ, ವಿಜಯನಗರದ ಅಡ್ಡರಸ್ತೆಗಳಲ್ಲಿ, ಬಸವೇಶ್ವರನಗರದಲ್ಲಿ, ಕೆಂಗೇರಿ ಉಪನಗರದಲ್ಲಿ ನೀವು ದಿನಾ ನೋಡುವ ಅಂಗಡಿ ಇದೇ ಅಲ್ವಾ?

2020ರ ಮಾರ್ಚ್‌ನಲ್ಲಿ ಇಡೀ ದೇಶಕ್ಕೆ ಬೀಗ ಬಿತ್ತು. ತೆರೆದಿರಲಿ ಅಂತ ಹೇಳಿದ ಕೆಲವೇ ಬಾಗಿಲುಗಳಲ್ಲಿ ಇದೂ ಒಂದು. ಜೊತೆಗೆ ಒಂದು ಆದೇಶವೂ ಬಂತು: ಅಂತರ ಕಾಪಾಡಿ, ಆರಡಿ. ಹತ್ತಡಿ ಅಂಗಡಿಯಲ್ಲಿ ಆರಡಿ ಅಂತರ! ಕಾಪಾಡೋದು ಎಲ್ಲಿಂದ?

ಆದರೂ ಕಾಪಾಡಿದರು. ಅಂಗಡಿ ಮುಂದೆ ಸುಣ್ಣದಲ್ಲಿ ವೃತ್ತ ಬರೆದರು. ಎರಡು ಸ್ಟೂಲಿಗೆ ಹಗ್ಗ ಕಟ್ಟಿ ಗಿರಾಕಿಯನ್ನು ದೂರ ನಿಲ್ಲಿಸಿದರು. ಕೌಂಟರಿಗೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಮಾತ್ರೆ ದಾಟುವಷ್ಟು ಕಿಂಡಿ ಕೊಯ್ದರು. ನೋಟು ಮುಟ್ಟೋದು ಬೇಡ ಅಂತ ಸ್ಕ್ಯಾನರ್ ಅಂಟಿಸಿದರು. ಚೀಟಿಯನ್ನು ಕೈಗೆ ತಗೊಳ್ಳದೆ, ದೂರದಿಂದ ಫೋನಿನಲ್ಲಿ ಫೋಟೊ ಹೊಡೆದು ಓದಿದರು. ಇದನ್ನೆಲ್ಲಾ ಯಾವ ವಿಜ್ಞಾನಿಯೂ ಬಂದು ಹೇಳಿಕೊಡಲಿಲ್ಲ. ಅಂತರರಾಷ್ಟ್ರೀಯ ಔಷಧಶಾಸ್ತ್ರ ಒಕ್ಕೂಟ ಆ ತಿಂಗಳುಗಳಲ್ಲಿ ಪುಟಗಟ್ಟಲೆ ಮಾರ್ಗಸೂಚಿ ಹೊರಡಿಸಿತ್ತು, ನಿಜ. ನಮ್ಮ ಅಂಗಡಿಯವರು ಅದನ್ನು ಓದುವ ಹೊತ್ತಿಗೆ ಹಗ್ಗ ಕಟ್ಟಿ ಆಗಿತ್ತು.

ಇವತ್ತು ನಾನು ಕೇಳ್ತಿರೋ ಪ್ರಶ್ನೆ ಬೇರೆ. ಸಾಂಕ್ರಾಮಿಕ ರೋಗದ ಕಾಲದಲ್ಲಿ ಔಷಧದ ಕೌಂಟರ್ ಸುರಕ್ಷಿತವಾಗಿರಬೇಕು ಅಂದರೆ ಹಗ್ಗ, ಪ್ಲಾಸ್ಟಿಕ್, ಸ್ಯಾನಿಟೈಸರ್ ಸಾಕಾ? ಸಾಲದು. ಕೌಂಟರಿನ ಆಚೆ ನಿಂತವನು ಈಚೆ ಇರುವವನಿಗೆ ಸತ್ಯ ಹೇಳಬೇಕು. 'ನನಗೆ ಮೂರು ದಿನದಿಂದ ಜ್ವರ' ಅನ್ನೋ ಸತ್ಯ. ಅದನ್ನು ಹೇಳೋಕೆ ಅವನಿಗೆ ಯಾವಾಗ ಧೈರ್ಯ ಬರುತ್ತೆ? ಯಾವಾಗ ಬಾಯಿ ಮುಚ್ಚಿಕೊಳ್ತಾನೆ? ಉತ್ತರ ಬೇಕಿದ್ದರೆ ಬೆಂಗಳೂರಿನ ಚರಿತ್ರೆಯಲ್ಲಿ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

1898ರ ಆಗಸ್ಟ್. ಮುಂಬೈ, ಪುಣೆ ಸುಟ್ಟುಕೊಂಡು ಬಂದ ಪ್ಲೇಗ್, ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಇಳೀತು. ಆಗ ರಾಜಾಜಿನಗರವೂ ಇಲ್ಲ, ವಿಜಯನಗರವೂ ಇಲ್ಲ. ಪೇಟೆ ದಾಟಿದರೆ ಊರು ಮುಗೀತು. ಮಾಗಡಿ ರಸ್ತೆಯ ಎರಡೂ ಬದಿ ಹೊಲ, ತೋಪು, ಹಳ್ಳಿ. ಕೆಂಗೇರಿ ಅಂದರೆ ಮೈಸೂರು ರೈಲು ನಿಲ್ಲುವ ಒಂದು ಊರು, ಅಷ್ಟೇ. ಚಿಕ್ಕ ದೊರೆ ಪರವಾಗಿ ರಾಜ್ಯ ನಡೆಸುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ, ದಿವಾನರು ಶೇಷಾದ್ರಿ ಅಯ್ಯರ್, ಪ್ಲೇಗ್ ಕಾರ್ಯಾಚರಣೆಯ ಹೊಣೆ ಹೊತ್ತವರು ವಿ.ಪಿ. ಮಾಧವರಾವ್.

ಪ್ಲೇಗಿಗೆ ಔಷಧಿ ಇರಲಿಲ್ಲ. ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಬರೋಕೆ ಇನ್ನೂ ನಲವತ್ತೈದು ವರ್ಷ ಇತ್ತು. ಹಾಫ್ಕಿನ್ 1897ರಲ್ಲಿ ಮುಂಬೈನಲ್ಲಿ ತಯಾರಿಸಿದ ಲಸಿಕೆ ಇತ್ತು. ಅದರ ಹೆಸರೆತ್ತಿದರೆ ಜನ ಓಡ್ತಿದ್ದರು. ಸರ್ಕಾರದ ಕೈಯಲ್ಲಿ ಉಳಿದದ್ದು ಏನು? ರೋಗಿಯನ್ನು ಮನೆಯಿಂದ ಎತ್ತಿಕೊಂಡು ಹೋಗೋದು. ಮನೆಯವರನ್ನೂ ಬೇರೆ ಶಿಬಿರಕ್ಕೆ ಹಾಕೋದು. ಮನೆಯ ಹೆಂಚು ತೆಗೆದು, ಸುಣ್ಣ ಬಳಿದು, ಹಾಸಿಗೆ ಬಟ್ಟೆ ಸುಡೋದು. ವೈದ್ಯದ ದೃಷ್ಟಿಯಿಂದ ಇದರಲ್ಲಿ ಅರ್ಥ ಇತ್ತು, ಇಲ್ಲ ಅನ್ನೋಕಾಗಲ್ಲ. ಆದರೆ ನೀವೇ ಯೋಚಿಸಿ. ಅಮ್ಮನಿಗೆ ಜ್ವರ ಬಂದಿದೆ, ಕಂಕುಳಲ್ಲಿ ಗೆಡ್ಡೆ ಎದ್ದಿದೆ. ಸರ್ಕಾರಿ ದವಾಖಾನೆಗೆ ಹೋಗಿ ಹೇಳಿದರೆ ಅಮ್ಮ ಒಂದು ಕಡೆ, ನೀವು ಒಂದು ಕಡೆ, ಮನೆ ಮೇಲೆ ಹೆಂಚಿಲ್ಲ. ಹೇಳ್ತೀರಾ?

ಜನ ಹೇಳಲಿಲ್ಲ. ರೋಗಿಗಳನ್ನು ಬಚ್ಚಿಟ್ಟರು. ದವಾಖಾನೆ ಬಿಟ್ಟು ಗ್ರಂಧಿಗೆ ಅಂಗಡಿಯ ಬೇರು, ನಾಟಿ ವೈದ್ಯರ ಪುಡಿ ನೆಚ್ಚಿಕೊಂಡರು. ಅಲ್ಲಿ ಯಾರೂ ಹೆಸರು ಕೇಳ್ತಿರಲಿಲ್ಲ. ಇಲ್ಲಾಂದ್ರೆ ಊರನ್ನೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು, ಪ್ಲೇಗಮ್ಮನಿಗೆ ಹರಕೆ ಹೊತ್ತರು. ಜನಗಣತಿಯ ಅಂಕಿ ನೋಡಿ: ಬೆಂಗಳೂರು ನಗರದಲ್ಲಿ, ಅಂದರೆ ದಂಡು ಪ್ರದೇಶ ಬಿಟ್ಟು, 1891ರಲ್ಲಿ 80,285 ಜನ. 1901ರಲ್ಲಿ 69,447. ಬೆಳೆಯಬೇಕಾದ ಊರು ಹತ್ತು ವರ್ಷದಲ್ಲಿ ಕುಗ್ಗಿತು.

ಬಲವಂತ ಎಲ್ಲಿಗೆ ಮುಟ್ಟುತ್ತೆ ಅನ್ನೋದಕ್ಕೆ ಪುಣೆ ಇತ್ತು. ಅಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ದಿನ. ಕಾಕತಾಳೀಯ ನೋಡಿ, ಅದೇ ದಿನ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಬಿತ್ತು. ಆಸ್ಪತ್ರೆ ಉದ್ಘಾಟನೆ ಆಗುವಷ್ಟರಲ್ಲಿ 1900ರ ಡಿಸೆಂಬರ್. ಪ್ಲೇಗಿನ ಮೊದಲ ಏಟು ಬಿದ್ದು ಎರಡು ವರ್ಷ ಕಳೆದಿತ್ತು. ಅದೇ ವಿಕ್ಟೋರಿಯಾ 2020ರಲ್ಲಿ ಕೋವಿಡ್ ಆಸ್ಪತ್ರೆ ಆಯ್ತು.

ಆ ದಿನಗಳಲ್ಲಿ ಪ್ಲೇಗ್ ಶಿಬಿರಗಳಲ್ಲಿ ದುಡಿದವರಲ್ಲಿ ಡಾಕ್ಟರ್ ಪಲ್ಪು ಒಬ್ಬರು. ಈಳವ ಜಾತಿಯವರು ಅಂತ ತಿರುವಾಂಕೂರು ಕೆಲಸ ಕೊಡಲಿಲ್ಲ, ಮೈಸೂರು ಕೊಟ್ಟಿತು. ಸಿಡುಬಿನ ಲಸಿಕೆ ತಯಾರಿಸುವ ಸಂಸ್ಥೆಯಲ್ಲೂ ಅವರು ದುಡಿದರು. ಬೆಂಗಳೂರು ಇಂಥವರನ್ನು ಮರೆಯೋದರಲ್ಲಿ ನಿಸ್ಸೀಮ.

ಇಪ್ಪತ್ತು ವರ್ಷ ಮುಂದೆ ಬನ್ನಿ. 1918. ಮಹಾಯುದ್ಧ ಮುಗೀತಾ ಇದೆ, ಇನ್‌ಫ್ಲುಯೆಂಜಾ ಶುರುವಾಗಿದೆ. ಇಡೀ ಭಾರತದಲ್ಲಿ ಸತ್ತವರು ಕೋಟಿಗೂ ಮೇಲೆ. ದಿವಾನರು ವಿಶ್ವೇಶ್ವರಯ್ಯ, ಅವರ ಅಧಿಕಾರದ ಕೊನೆಯ ತಿಂಗಳುಗಳು. ಬೆಂಗಳೂರು ನಗರಸಭೆಯ ಅಧ್ಯಕ್ಷರು ಪುಟ್ಟಣ್ಣ ಚೆಟ್ಟಿ. ಹೌದು, ಟೌನ್‌ಹಾಲ್‌ಗೆ ಹೆಸರಿರುವ ಅದೇ ಪುಟ್ಟಣ್ಣ ಚೆಟ್ಟರು.

ಈ ಸಲ ಊರು ನಡೆದುಕೊಂಡ ರೀತಿ ಬೇರೆ. ಪರಿಹಾರ ತಂಡಗಳು ಮನೆ ಮನೆಗೆ ಹೋದವು. ರೋಗಿಯನ್ನು ಎತ್ತಿಕೊಂಡು ಬರೋಕಲ್ಲ, ಮದ್ದು ಕೊಟ್ಟು ಬರೋಕೆ. ಸೀಸೆಯಲ್ಲಿ ಥೈಮಾಲ್ ಮಿಕ್ಚರ್, ಬಡವರ ಕೇರಿಗಳಲ್ಲಿ ಮದ್ದಿನ ಜೊತೆ ಗಂಜಿ. ಸ್ವಯಂಸೇವಕರು ಬಾಗಿಲು ತಟ್ಟಿದರು, ಜನ ತೆರೆದರು. ಥೈಮಾಲ್ ಅಂದರೆ ಓಮದಲ್ಲಿರುವ ಸತ್ವ. ಅದು ಇನ್‌ಫ್ಲುಯೆಂಜಾ ಗುಣಪಡಿಸ್ತಾ? ಇಲ್ಲ. ಆದರೆ ಮನೆಯವರೆಲ್ಲಾ ಒಟ್ಟಿಗೆ ಮಲಗಿದ್ದಾಗ, ನೀರು ಕೊಡೋಕೂ ಯಾರೂ ಇಲ್ಲದಾಗ, ಬಾಗಿಲಿಗೆ ಬಂದ ಗಂಜಿ ಇದೆಯಲ್ಲ, ಅದು ಜೀವ ಉಳಿಸುತ್ತೆ. ಎಷ್ಟು ಜನರಿಗೆ ಜ್ವರ ಇದೆ, ಯಾರಿಗೆ ಉಸಿರು ಕಟ್ತಿದೆ ಅನ್ನೋ ಲೆಕ್ಕವೂ ಆಗ ತಾನಾಗಿ ಸಿಗುತ್ತೆ. ಯಾಕಂದ್ರೆ ಮದ್ದು ಕೊಡೋಕೆ ಬಂದವನಿಗೆ ಸುಳ್ಳು ಹೇಳುವ ಅಗತ್ಯ ಯಾರಿಗೂ ಇರಲ್ಲ.

1918ರ ಇನ್ನೊಂದು ಪಾಠ ಅಮೆರಿಕದಿಂದ ಬರುತ್ತೆ. ಅಲ್ಲಿ ಇನ್‌ಫ್ಲುಯೆಂಜಾ ರೋಗಿಗಳಿಗೆ ಆಸ್ಪಿರಿನ್ ಅನ್ನು ದಿನಕ್ಕೆ ಎಂಟು ಗ್ರಾಂ, ಕೆಲವು ಕಡೆ ಅದಕ್ಕೂ ಎಷ್ಟೋ ಪಟ್ಟು ಮೇಲೆ ಕೊಡ್ತಿದ್ದರು. ಅಷ್ಟು ಆಸ್ಪಿರಿನ್ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು. ಆ ವರ್ಷದ ಸಾವುಗಳಲ್ಲಿ ಒಂದು ಪಾಲು ಮದ್ದಿನಿಂದಲೇ ಆಗಿರಬಹುದು ಅಂತ 2009ರಲ್ಲಿ ಕ್ಯಾರೆನ್ ಸ್ಟಾರ್ಕೊ ಅನ್ನುವ ವೈದ್ಯೆ ವಾದ ಮಂಡಿಸಿದರು. ಇದನ್ನು ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. (ಅಂದಹಾಗೆ, ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾದದ್ದೂ 1918ರಲ್ಲೇ. ಆಮೇಲೆ ಅದು ರಾಜಾಜಿನಗರದ ಕಡೆಗೆ ಬಂತು. ಕೈ ತೊಳೆಯಿರಿ ಅಂತ ಜಗತ್ತೇ ಕೂಗಿದ ಎರಡು ಕಾಲಗಳಿಗೂ ಆ ಗಂಧದ ಸೋಪು ಸಾಕ್ಷಿ.)

ಆ ಕಾಲದಲ್ಲಿ ಮದ್ದು ಕೊಡ್ತಿದ್ದವನು ಕಾಂಪೌಂಡರ್. ಡಾಕ್ಟರ ಪಕ್ಕದ ಕಿಂಡಿಯಲ್ಲಿ ನಿಂತು ಮಿಕ್ಚರ್ ಕಲಸಿ, ಸೀಸೆಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿ, 'ಒಂದು ಸಲಕ್ಕೆ ಒಂದು ಗೆರೆ' ಅಂತ ಹೇಳಿ ಕಳಿಸ್ತಿದ್ದ. ಅವನಿಗೆ ಎಷ್ಟು ಓದಿರಬೇಕು, ಯಾರು ಹೊಣೆ, ಯಾವ ಕಾನೂನೂ ಹೇಳ್ತಿರಲಿಲ್ಲ. ಕಲಬೆರಕೆ ಔಷಧಿಗಳ ಗಲಾಟೆ ಜೋರಾದ ಮೇಲೆ 1930ರಲ್ಲಿ ಆರ್.ಎನ್. ಚೋಪ್ರಾ ನೇತೃತ್ವದ ಸಮಿತಿ ಆಯ್ತು, 1940ರಲ್ಲಿ ಔಷಧ ಕಾಯ್ದೆ ಬಂತು, 1948ರಲ್ಲಿ ಫಾರ್ಮಸಿ ಕಾಯ್ದೆ ಬಂತು. ನೋಂದಾಯಿತ ಫಾರ್ಮಸಿಸ್ಟ್ ಬಿಟ್ಟು ಬೇರೆ ಯಾರೂ ವೈದ್ಯರ ಚೀಟಿ ನೋಡಿ ಔಷಧ ಕೊಡುವ ಹಾಗಿಲ್ಲ ಅನ್ನೋದು ಅದರ ಜೀವಾಳ. ಮರುವರ್ಷ, 1949ರಲ್ಲಿ, ರಾಜಾಜಿಯವರು ಬಂದು ರಾಜಾಜಿನಗರಕ್ಕೆ ಅಡಿಗಲ್ಲು ಹಾಕಿದರು. ಅಂದರೆ ನಮ್ಮ ಪಶ್ಚಿಮ ಬೆಂಗಳೂರಿನ ಬಡಾವಣೆಗಳೂ ಈ ಕಾನೂನೂ ಒಂದೇ ವಯಸ್ಸಿನವು. ಇಲ್ಲಿನ ಒಂದೊಂದು ಮೆಡಿಕಲ್ ಶಾಪೂ ಈ ಕಾಯ್ದೆಯ ನೆರಳಲ್ಲೇ ಹುಟ್ಟಿದ್ದು. ಆದರೂ ನಮ್ಮ ಬಾಯಲ್ಲಿ ಅದು 'ಅಂಗಡಿ'ಯೇ, ಅಲ್ಲಿರುವವನು 'ಮೆಡಿಕಲ್ ಶಾಪ್ ಹುಡುಗ'ನೇ. ನಾಲ್ಕು ವರ್ಷ ಬಿ.ಫಾರ್ಮ ಓದಿದ್ದರೂ ಅಷ್ಟೇ.

ಈಗ 2020ಕ್ಕೆ ವಾಪಸ್ ಬರೋಣ.

ಮಾರ್ಚ್ 13ಕ್ಕೆ ಮಾಸ್ಕು, ಸ್ಯಾನಿಟೈಸರ್ ಅಗತ್ಯ ವಸ್ತುಗಳ ಪಟ್ಟಿ ಸೇರಿದವು. 21ಕ್ಕೆ ಬೆಲೆ ನಿಗದಿ: ಮೂರು ಪದರದ ಮಾಸ್ಕ್ 10 ರೂಪಾಯಿ, 200 ಎಂಎಲ್ ಸ್ಯಾನಿಟೈಸರ್ 100 ರೂಪಾಯಿ. 26ಕ್ಕೆ ಎರಡು ಆದೇಶ ಒಟ್ಟಿಗೆ. ಒಂದು, ಔಷಧವನ್ನು ಮನೆ ಬಾಗಿಲಿಗೆ ತಲುಪಿಸಬಹುದು. ಚೀಟಿಯನ್ನು ಇಮೇಲ್‌ನಲ್ಲಿ ಕಳಿಸಿದರೂ ನಡೆಯುತ್ತೆ, ಆದರೆ ಅದೇ ಜಿಲ್ಲೆಯೊಳಗೆ ಮಾತ್ರ. ದೀರ್ಘಕಾಲದ ಕಾಯಿಲೆಯ ಚೀಟಿಗೆ 30 ದಿನ, ಉಳಿದವಕ್ಕೆ 7 ದಿನ ಗಡುವು. ಇದು ಒಳ್ಳೇ ಆದೇಶ, 1918ರ ಜಾತಿಗೆ ಸೇರಿದ್ದು. ಬಿಪಿ, ಶುಗರ್ ಇರುವ ಹಿರಿಯರು ಕ್ಯೂನಲ್ಲಿ ನಿಲ್ಲೋದು ತಪ್ಪಿತು. ಅಂಗಡಿಯ ಹುಡುಗರು ಸ್ಕೂಟರ್ ಹತ್ತಿ, ಚೀಲವನ್ನು ಗೇಟಿಗೆ ನೇತುಹಾಕಿ, 'ಅಜ್ಜಿ, ತಗೊಳ್ಳಿ' ಅಂತ ಕೂಗಿ ಹೊರಟರು.

ಎರಡನೆಯದು ಹೈಡ್ರಾಕ್ಸಿಕ್ಲೋರೋಕ್ವಿನ್. ಆರೋಗ್ಯ ಸಿಬ್ಬಂದಿ ಮುಂಜಾಗ್ರತೆಗೆ ತಗೊಳ್ಳಬಹುದು ಅಂತ ಐಸಿಎಂಆರ್ ಹೇಳಿದ್ದೇ ತಡ, ಊರಿಗೆ ಊರೇ ಅದನ್ನು ಕೊಳ್ಳೋಕೆ ನಿಂತಿತು. ನಿಜವಾಗಿ ಅದನ್ನು ನಂಬಿಕೊಂಡಿದ್ದ ಲೂಪಸ್, ಸಂಧಿವಾತದ ರೋಗಿಗಳಿಗೆ ಸ್ಟಾಕ್ ಇಲ್ಲ. ಸರ್ಕಾರ ಅದನ್ನು ಎಚ್-1 ಷರತ್ತಿನ ಅಡಿ ತಂದಿತು: ಚೀಟಿ ಬೇಕು, ಪ್ರತ್ಯೇಕ ರಿಜಿಸ್ಟರಿನಲ್ಲಿ ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ, ಎಲ್ಲಾ ಬರೆಯಬೇಕು, ಮೂರು ವರ್ಷ ಇಟ್ಟುಕೊಳ್ಳಬೇಕು.

ಏಪ್ರಿಲ್‌ನಲ್ಲಿ ಬಾಪೂಜಿನಗರ, ಪಾದರಾಯನಪುರ ವಾರ್ಡುಗಳನ್ನು ಸೀಲ್‌ಡೌನ್ ಮಾಡಿದರು. ವಿಜಯನಗರದ ಪಕ್ಕದಲ್ಲೇ. ಏಪ್ರಿಲ್ 19ರ ರಾತ್ರಿ ಪಾದರಾಯನಪುರದಲ್ಲಿ, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಹೋದ ಸಿಬ್ಬಂದಿ ಮೇಲೆ ದಾಂಧಲೆ ನಡೀತು. ದಾಂಧಲೆ ಮಾಡಿದ್ದು ಅಪರಾಧ, ಎರಡು ಮಾತಿಲ್ಲ. ಆದರೆ ಆ ಭಯ ಯಾವುದು? 1898ರದ್ದೇ. ಎತ್ತಿಕೊಂಡು ಹೋಗ್ತಾರೆ ಅನ್ನೋ ಭಯ.

ಆ ಭಯ ಊರು ತುಂಬಾ ಹರಡಿದ್ದ ಹೊತ್ತಲ್ಲೇ ಸರ್ಕಾರ ಮೆಡಿಕಲ್ ಶಾಪ್‌ಗಳಿಗೆ ಇನ್ನೊಂದು ಹೊರೆ ಹೊರಿಸಿತು. ಜ್ವರ, ಕೆಮ್ಮು, ನೆಗಡಿಗೆ ಮಾತ್ರೆ ಕೊಳ್ಳುವವರ ಹೆಸರು, ವಿಳಾಸ, ಫೋನ್ ನಂಬರ್ ಬರೆದುಕೊಂಡು ಪೋರ್ಟಲ್‌ಗೆ ಹಾಕಿ. ಕರ್ನಾಟಕ ಒಂದೇ ಅಲ್ಲ, ತೆಲಂಗಾಣ, ಆಂಧ್ರ, ಮಹಾರಾಷ್ಟ್ರವೂ ಇದೇ ದಾರಿ ಹಿಡಿದವು. ಚೀನಾದ ಹಾಂಗ್‌ಝೌ ಫೆಬ್ರವರಿಯಲ್ಲೇ ಔಷಧ ಅಂಗಡಿಗಳಲ್ಲಿ ಜ್ವರದ ಮಾತ್ರೆ ಮಾರಾಟವನ್ನೇ ನಿಲ್ಲಿಸಿತ್ತು. ಕಾರಣ ಇರಲಿಲ್ಲ ಅಂತಲ್ಲ. ಜನ ಮನೆಯಲ್ಲೇ ಮಾತ್ರೆ ನುಂಗುತ್ತಾ ಕೂತು, ಉಸಿರು ನಿಲ್ಲುವ ಹೊತ್ತಿಗೆ ಆಸ್ಪತ್ರೆಗೆ ಬರ್ತಿದ್ದರು. ಅವರನ್ನು ಮೊದಲೇ ಪತ್ತೆ ಹಚ್ಚೋದು ಉದ್ದೇಶ.

ಆದರೆ ಏನಾಗುತ್ತೆ ನೋಡಿ. ಜ್ವರ ಇರುವವನು ಬಂದು 'ಮೈಕೈ ನೋವಿಗೆ ಕೊಡಿ' ಅಂತಾನೆ. ನಂಬರ್ ಕೇಳಿದರೆ ಒಂದು ಅಂಕಿ ತಪ್ಪು ಹೇಳ್ತಾನೆ. ಇನ್ನೂ ಬುದ್ಧಿವಂತ ಆಗಿದ್ದರೆ ಬಸವೇಶ್ವರನಗರದವನು ಕಾಮಾಕ್ಷಿಪಾಳ್ಯಕ್ಕೆ ಹೋಗಿ, ಪರಿಚಯ ಇಲ್ಲದ ಅಂಗಡಿಯಲ್ಲಿ ಕೊಳ್ತಾನೆ. ಆ ನೆಪದಲ್ಲಿ ಸೋಂಕು ಇನ್ನೂ ಎರಡು ಕಿಲೋಮೀಟರ್ ಓಡಾಡುತ್ತೆ. ಗ್ರಂಧಿಗೆ ಅಂಗಡಿಗಳಲ್ಲಿ ಶುಂಠಿ, ಮೆಣಸು, ಅಮೃತಬಳ್ಳಿಗೆ ಜನ ಮುಗಿಬಿದ್ದರಲ್ಲ, ಅದು ಬರೀ ಕಷಾಯದ ಮೇಲಿನ ಪ್ರೀತಿ ಅಂದುಕೊಂಡ್ರಾ? ಅಲ್ಲಿ ಫೋನ್ ನಂಬರ್ ಕೇಳ್ತಿರಲಿಲ್ಲ ಸ್ವಾಮಿ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಮದ್ದು ಕೊಡುವ ಕೈಗೂ ಹಿಡಿದುಕೊಡುವ ಕೈಗೂ ನಡುವೆ ಅಂತರ ಇರಬೇಕಿತ್ತು. ಆರಡಿಗಿಂತ ಹೆಚ್ಚು. 'ಜ್ವರ ಇದ್ದರೆ ಇಲ್ಲಿ ಪರೀಕ್ಷೆ ಮಾಡ್ತಾರೆ, ಉಚಿತ' ಅಂತ ಫಾರ್ಮಸಿಸ್ಟ್ ಕೈಲಿ ಒಂದು ಚೀಟಿ ಕೊಡಿಸಿ, ನಂಬರ್ ಬರೆಯೋ ಕೆಲಸವನ್ನು ಬೇರೆಯವರಿಗೆ ಬಿಡಬಹುದಿತ್ತು.

ಹಾಗಾದರೆ ಕೇಳಿದ್ದೆಲ್ಲಾ ಕೊಟ್ಟುಬಿಡಬೇಕಾ? ಖಂಡಿತಾ ಇಲ್ಲ. ಅದಕ್ಕೆ 2021ರ ಬೇಸಿಗೆ ಉತ್ತರ ಕೊಟ್ಟಿತು.

ಏಪ್ರಿಲ್ 27ರ ರಾತ್ರಿಯಿಂದ ಲಾಕ್‌ಡೌನ್. ತರಕಾರಿ, ದಿನಸಿ ಬೆಳಿಗ್ಗೆ ಹತ್ತಕ್ಕೆ ಬಂದ್; ಆಮೇಲೆ ರಸ್ತೆಯಲ್ಲಿ ದೀಪ ಉರಿಯೋದು ಮೆಡಿಕಲ್ ಶಾಪ್‌ಗಳಲ್ಲಿ ಮಾತ್ರ. ಮೇ 5ಕ್ಕೆ ರಾಜ್ಯದಲ್ಲಿ ಒಂದೇ ದಿನದ ಕೇಸು 50 ಸಾವಿರ ದಾಟಿತು. ಮಾಗಡಿ ರಸ್ತೆಯ ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳ ಸಾಲು. ಟೆಸ್ಟ್ ರಿಪೋರ್ಟ್ ಬರೋಕೆ ದಿನಗಳು ಬೇಕು, ಡಾಕ್ಟರ ಫೋನು ಎಂಗೇಜು. ಜನ ಬರೋದು ಎಲ್ಲಿಗೆ? ಆ ಹತ್ತಡಿ ಅಂಗಡಿಗೇ.

ಕೈಯಲ್ಲಿ ಏನಿರ್ತಿತ್ತು ಗೊತ್ತಾ? ವಾಟ್ಸ್‌ಆ್ಯಪ್‌ನಲ್ಲಿ ಬಂದ ಚೀಟಿ. ಯಾರೋ ಡಾಕ್ಟರು ಯಾರೋ ರೋಗಿಗೆ ಬರೆದಿದ್ದು. ಭಾವನಿಂದ ಷಡ್ಡಕನಿಗೆ, ಷಡ್ಡಕನಿಂದ ಅಪಾರ್ಟ್‌ಮೆಂಟ್ ಗ್ರೂಪಿಗೆ. ಜಿಂಕ್, ವಿಟಮಿನ್, ಐವರ್‌ಮೆಕ್ಟಿನ್, ಡಾಕ್ಸಿಸೈಕ್ಲಿನ್, ನಮ್ಮ ಬೆಂಗಳೂರಿನದೇ ಕಂಪನಿಯ ಡೋಲೋ 650. ಕೊನೆಯ ಸಾಲಿನಲ್ಲಿ ಸ್ಟೀರಾಯ್ಡ್.

ಈ ಸ್ಟೀರಾಯ್ಡ್ ವಿಷಯ ಸರಿಯಾಗಿ ತಿಳಿಯಬೇಕು. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಒಂದು ದೊಡ್ಡ ಸುದ್ದಿ ಕೊಟ್ಟಿತು: ಡೆಕ್ಸಾಮೆಥಾಸೋನ್ ಅನ್ನೋ ಅಗ್ಗದ ಸ್ಟೀರಾಯ್ಡ್, ವೆಂಟಿಲೇಟರ್ ಮೇಲಿರುವವರಲ್ಲಿ ಮೂರನೇ ಒಂದರಷ್ಟು ಸಾವು ತಪ್ಪಿಸುತ್ತೆ. ಅದೇ ಪ್ರಯೋಗ ಇನ್ನೊಂದು ಮಾತನ್ನೂ ಹೇಳಿತ್ತು: ಆಮ್ಲಜನಕ ಬೇಕಿಲ್ಲದ ರೋಗಿಗೆ ಇದರಿಂದ ಲಾಭ ಇಲ್ಲ. ಮೊದಲ ಮಾತು ಊರಿಗೆಲ್ಲಾ ತಲುಪಿತು, ಎರಡನೆಯದು ತಲುಪಲಿಲ್ಲ. ಸೋಂಕಿನ ಮೊದಲ ದಿನಗಳಲ್ಲೇ ಸ್ಟೀರಾಯ್ಡ್ ನುಂಗಿದರೆ ವೈರಸ್ ಜೊತೆ ಹೋರಾಡಬೇಕಾದ ದೇಹದ ಸೇನೆಯೇ ಮಲಗುತ್ತೆ, ರಕ್ತದಲ್ಲಿ ಸಕ್ಕರೆ ಏರುತ್ತೆ. ಏಮ್ಸ್ ನಿರ್ದೇಶಕ ರಣದೀಪ್ ಗುಲೇರಿಯಾ ಮೇ ಮೊದಲ ವಾರದಲ್ಲೇ ಎಚ್ಚರಿಸಿದರು. ಅದೇ ತಿಂಗಳು ಕಪ್ಪು ಶಿಲೀಂಧ್ರ ಬಂತು. ಮಧುಮೇಹಿಗಳೇ ಹೆಚ್ಚು, ಕಣ್ಣು ಕಳೆದುಕೊಂಡವರು, ದವಡೆ ಕಳೆದುಕೊಂಡವರು, ಜೀವ ಕಳೆದುಕೊಂಡವರು. ಬೌರಿಂಗ್ ಆಸ್ಪತ್ರೆಯನ್ನು ಅವರಿಗಾಗಿಯೇ ಮೀಸಲಿಡಬೇಕಾಯ್ತು. 1918ರ ಆಸ್ಪಿರಿನ್ ನೆನಪಾಯ್ತಾ?

ಇಲ್ಲಿ ಒಂದು ವಿಪರ್ಯಾಸ ಇದೆ. ಕೋವಿಡ್‌ಗೆ ಉಪಯೋಗವೇ ಇಲ್ಲ ಅಂತ ಸಾಬೀತಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗೆ ಪ್ರತ್ಯೇಕ ರಿಜಿಸ್ಟರ್, ಮೂರು ವರ್ಷದ ಲೆಕ್ಕ. ತಪ್ಪಾಗಿ ಕೊಟ್ಟರೆ ಕಣ್ಣು ಕೀಳಬಲ್ಲ ಸ್ಟೀರಾಯ್ಡ್‌ಗೆ ಮಾಮೂಲಿ ಷೆಡ್ಯೂಲ್ ಎಚ್, ಅಂದರೆ ಚೀಟಿ ಇದ್ದರೆ ಸಾಕು. ಆ ಚೀಟಿಯನ್ನು ಗಟ್ಟಿಯಾಗಿ ಕೇಳಬೇಕಾದವನು ಯಾರು? ರಾತ್ರಿ ಒಂಬತ್ತಕ್ಕೆ, ಅಂಗಡಿ ಮುಂದೆ ಹದಿನೈದು ಜನ ನಿಂತಿರುವಾಗ, ಹೆಂಡತಿಗೆ ಜ್ವರ ಅಂತ ಅಳ್ತಿರುವ ಪರಿಚಯದ ಗಿರಾಕಿಗೆ 'ಇಲ್ಲ ಸಾರ್, ಇದು ಕೊಡಲ್ಲ, ಮೊದಲು ಆಕ್ಸಿಮೀಟರ್ ಹಾಕಿ ನೋಡಿ, 94ಕ್ಕಿಂತ ಕಮ್ಮಿ ಇದ್ದರೆ ಆಸ್ಪತ್ರೆಗೆ ಫೋನ್ ಮಾಡಿ' ಅನ್ನಬೇಕಾದ ಒಬ್ಬನೇ ಒಬ್ಬ. ಹಾಗೆ ಹೇಳಿದವರು ಈ ಭಾಗದಲ್ಲಿ ಎಷ್ಟೋ ಮಂದಿ ಇದ್ದರು. ಬೈಸಿಕೊಂಡರು. ಗಿರಾಕಿ ಪಕ್ಕದ ಅಂಗಡಿಗೆ ಹೋದ, ಅಲ್ಲಿ ಸಿಕ್ಕಿತು. ಕೊಡದವನಿಗೆ ನಷ್ಟ, ಕೊಟ್ಟವನಿಗೆ ವ್ಯಾಪಾರ. ಕೊಟ್ಟವನ ಅಂಗಡಿಯಲ್ಲಿ ಆ ಹೊತ್ತಿಗೆ ಫಾರ್ಮಸಿಸ್ಟ್ ಇದ್ದನಾ, ಅಥವಾ ಅವನ ಸರ್ಟಿಫಿಕೇಟ್ ಮಾತ್ರ ಗೋಡೆ ಮೇಲೆ ತೂಗಾಡ್ತಿತ್ತಾ? ಈ ಪ್ರಶ್ನೆ ಕೇಳೋಕೆ ಸಾಂಕ್ರಾಮಿಕ ಬರುವವರೆಗೂ ಕಾಯಬೇಕಿರಲಿಲ್ಲ.

ರೆಮ್‌ಡೆಸಿವಿರ್ ಕಥೆ ನಿಮಗೆ ಗೊತ್ತೇ ಇದೆ, ಉದ್ದ ಮಾಡಲ್ಲ. ಆಸ್ಪತ್ರೆಯಲ್ಲಿ ಮಾತ್ರ ಬಳಸಬೇಕಾದ ಇಂಜೆಕ್ಷನ್ ಅದು. ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲೇ ಅದನ್ನು ಬಳಸದಿರಿ ಅಂದಿತ್ತು. ಆದರೂ ಮನೆಯವರ ಕೈಗೆ ಚೀಟಿ ಕೊಟ್ಟು 'ಎಲ್ಲಿಂದಾದರೂ ತನ್ನಿ' ಅಂತ ಕಳಿಸಿದವರಿದ್ದರು. ಅವರು ಅಂಗಡಿ ಅಂಗಡಿ ಅಲೆದು, ಕಾಳಸಂತೆಗೆ ಬಿದ್ದರು. ಸಿಸಿಬಿ ಪೊಲೀಸರು ಬೆಂಗಳೂರಿನಲ್ಲಿ ಒಬ್ಬರ ಮೇಲೊಬ್ಬರನ್ನು ಬಂಧಿಸ್ತಾ ಹೋದರು.

ಇಷ್ಟೆಲ್ಲಾ ನಡೆಯುವಾಗ ಕೌಂಟರಿನ ಈಚೆಗಿದ್ದವನ ಸ್ಥಿತಿ ಏನು? ದಿನಕ್ಕೆ ನೂರಾರು ಜ್ವರದ ಮುಖಗಳನ್ನು ಹತ್ತಿರದಿಂದ ನೋಡಿದವನು ಅವನು. 2021ರ ಜನವರಿ 16ಕ್ಕೆ ಲಸಿಕೆ ಶುರುವಾದಾಗ ಆಸ್ಪತ್ರೆಯ ಸಿಬ್ಬಂದಿ ಮೊದಲು, ನಂತರ ಪೊಲೀಸರು, ಪಾಲಿಕೆಯವರು. ಸರಿಯೇ. ಆದರೆ ಬೀದಿಯ ಮೆಡಿಕಲ್ ಶಾಪಿನವನು ಆ ಸಾಲಿನಲ್ಲಿ ಇರಲಿಲ್ಲ. ವಯಸ್ಸಿನ ಸರದಿ ಬರುವವರೆಗೆ ಕಾದ. 45 ದಾಟಿದ ಎಲ್ಲರಿಗೂ ಏಪ್ರಿಲ್, ಅದಕ್ಕಿಂತ ಕಿರಿಯರಿಗೆ ಮೇ ತಿಂಗಳ ಲೆಕ್ಕ. ಕೌಂಟರಿನ ಹುಡುಗರೆಲ್ಲಾ ಆ ಎರಡನೇ ಗುಂಪಿನವರೇ. ಕೋವಿಡ್‌ನಿಂದ ಸತ್ತ ಆರೋಗ್ಯ ಸಿಬ್ಬಂದಿಗೆ ಕೇಂದ್ರ ಘೋಷಿಸಿದ 50 ಲಕ್ಷದ ವಿಮೆ ಇತ್ತಲ್ಲ, ಅದರಲ್ಲೂ ಇವನ ಹೆಸರಿಲ್ಲ. ನಮ್ಮನ್ನೂ ಮುಂಚೂಣಿ ಕಾರ್ಯಕರ್ತರು ಅಂತ ಪರಿಗಣಿಸಿ ಎಂದು ಔಷಧ ವ್ಯಾಪಾರಿಗಳ ಸಂಘಟನೆಗಳು ಎರಡೂ ಅಲೆಗಳಲ್ಲಿ ಕೇಳ್ತಲೇ ಇದ್ದವು. ಅಂಗಡಿ ಮುಚ್ಚಬೇಡಿ ಅನ್ನುವಾಗ ಅಗತ್ಯ ಸೇವೆ. ಸೂಜಿ ಚುಚ್ಚುವಾಗ ವ್ಯಾಪಾರಿ.

2021ರ ಸೆಪ್ಟೆಂಬರ್‌ನಲ್ಲಿ ಐಸಿಎಂಆರ್ ತನ್ನ ಚಿಕಿತ್ಸಾ ಪಟ್ಟಿಯಿಂದ ಐವರ್‌ಮೆಕ್ಟಿನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಎರಡನ್ನೂ ಸದ್ದಿಲ್ಲದೆ ಕೈಬಿಟ್ಟಿತು. ಆ ಮಾತ್ರೆಯ ಹೆಸರಲ್ಲಿ ರಾಜಾಜಿನಗರದಿಂದ ಕೆಂಗೇರಿವರೆಗೆ ಒಂದೊಂದು ಕೌಂಟರಿನಲ್ಲೂ ಬರೆಸಿದ ಎಚ್-1 ರಿಜಿಸ್ಟರುಗಳು ಮಾತ್ರ ಕಪಾಟಿನಲ್ಲೇ ಉಳಿದವು. ಯಾರು ಬಂದಿದ್ದರು, ಯಾವ ಡಾಕ್ಟರು ಬರೆದಿದ್ದರು, ಎಷ್ಟು ಮಾತ್ರೆ ಹೋಯ್ತು, ಎಲ್ಲಾ ಅದರಲ್ಲಿದೆ. 2021ರ ಮೇ ತಿಂಗಳ ಪುಟಗಳನ್ನು ಇಟ್ಟುಕೊಳ್ಳಬೇಕಾದ ಮೂರು ವರ್ಷದ ಅವಧಿ 2024ರ ಮೇಗೆ ಮುಗೀತು. ಈಗ ಅವನ್ನು ರದ್ದಿಗೆ ಹಾಕಬಹುದು.